ಮೆಂಟರೂ ನಾನೇ, ಮಾರ್ಕು ಹಾಕುವವನೂ ನಾನೇ: ವೈದ್ಯಕೀಯ ಕಾಲೇಜುಗಳ ಆಡಳಿತ ಮಂಡಳಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಫಿಸಿಯಾಲಜಿ, ಅಂದರೆ ದೇಹ ಹೇಗೆ ಕೆಲಸ ಮಾಡುತ್ತದೆ ಅನ್ನುವ ವಿಷಯ, ಕಲಿಸುವ ಮೇಷ್ಟ್ರು. ಪಾಠ ಮಾಡಲು ಶುರು ಮಾಡಿ 20 ವರ್ಷ ದಾಟಿದೆ. ಯಾರ ಮೇಲೋ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಆ ತಪ್ಪು ನನ್ನ ಕೈಯಲ್ಲಿ ಅಷ್ಟು ಸಲೀಸಾಗಿ ಹೇಗೆ ಆಯ್ತು ಅನ್ನುವುದು ಆಮೇಲಿನ ಮಾತು. ಅದಕ್ಕೆ ಉತ್ತರ ನಿಮ್ಮ ಕೈಯಲ್ಲಿದೆ.

ಕೆಲವು ವರ್ಷಗಳ ಹಿಂದೆ ಮೊದಲ ವರ್ಷದ ಒಬ್ಬಳು ಹುಡುಗಿ ನನ್ನ ಕೋಣೆಗೆ ಬಂದಳು. ನಾನು ಅವಳ ಮೆಂಟರ್, ಅಂದರೆ ಅವಳ ಕಷ್ಟ ಸುಖ ಕೇಳಿ ದಾರಿ ತೋರಿಸಬೇಕಾದ ಶಿಕ್ಷಕ. ಕುರ್ಚಿಯ ತುದಿಯಲ್ಲಿ ಕೂತಳು. ಬ್ಯಾಗನ್ನು ಕೆಳಗಿಡಲೇ ಇಲ್ಲ, ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದಳು. "ಸರ್, ಒಂದೇ ಪುಟವನ್ನು ನಾಲ್ಕು ಸಲ ಓದ್ತೀನಿ, ಏನೂ ಉಳಿಯಲ್ಲ. ರಾತ್ರಿ ನಿದ್ದೆ ಬರ್ತಿಲ್ಲ" ಅಂದಳು. ಕೇಳಿಸಿಕೊಂಡೆ. ಗೊತ್ತಿದ್ದಷ್ಟು ಸಮಾಧಾನ ಹೇಳಿದೆ. ಅವಳು ಹೋದ ಮೇಲೆ ನಿಯಮದಂತೆ ಮೆಂಟರ್ ಡೈರಿಯಲ್ಲಿ ಬರೆದೆ: "ನಿದ್ರೆ ಇಲ್ಲ. ಒತ್ತಡ ಜಾಸ್ತಿ. ಗಮನಿಸಬೇಕು." ಸಹಿ ಹಾಕಿ ಡೈರಿಯನ್ನು ಡಿಪಾರ್ಟ್‌ಮೆಂಟಿನ ಬೀರುವಿನಲ್ಲಿ ಇಟ್ಟೆ. ಆ ಬೀರುವಿಗೆ ಬೀಗ ಇರಲಿಲ್ಲ.

ಮೂರು ತಿಂಗಳಾದ ಮೇಲೆ ಪ್ರಮೋಷನ್ ಕಮಿಟಿ ಸೇರಿತು. ಯಾರನ್ನು ಮುಂದಿನ ಹಂತಕ್ಕೆ ಬಿಡಬೇಕು, ಯಾರನ್ನು ಹಿಂದೆ ಉಳಿಸಬೇಕು ಎಂದು ತೀರ್ಮಾನಿಸುವ ಕಮಿಟಿ ಅದು. ನಾನು ಅದರಲ್ಲೂ ಇದ್ದೆ. ಅವಳ ಇಂಟರ್ನಲ್ಸ್, ಅಂದರೆ ಕಾಲೇಜೇ ನಡೆಸುವ ಟೆಸ್ಟುಗಳ ಅಂಕ, ಗಡಿಯಲ್ಲಿತ್ತು. ಈ ಕಡೆಗೂ ಹಾಕಬಹುದು, ಆ ಕಡೆಗೂ ಹಾಕಬಹುದು ಅನ್ನುವಂಥ ಫೈಲು. ಯಾರೋ ಡೈರಿ ತಿರುವಿದರು. "ಇವಳಿಗೆ ಮೊದಲಿಂದಲೂ ಏನೋ ಪ್ರಾಬ್ಲಂ ಇದೆಯಂತಲ್ಲ?" ಅಂದರು. ಎಲ್ಲರೂ ನನ್ನ ಮುಖ ನೋಡಿದರು. ನಾನು ಅವಳ ಪರವಾಗಿ ಮಾತಾಡುತ್ತಿದ್ದೇನೆ ಅಂದುಕೊಂಡೇ ಹೇಳಿದೆ: "ಪಾಪ, ಸ್ವಲ್ಪ ಕುಗ್ಗಿದ್ದಾಳೆ. ಒಂದಿಷ್ಟು ಟೈಮ್ ಸಿಕ್ಕರೆ ಸುಧಾರಿಸ್ತಾಳೆ."

ಟೈಮ್ ಸಿಕ್ಕಿತು. ಆರು ತಿಂಗಳು ಹಿಂದೆ ಉಳಿಸಿದರು. ಅವಳ ಬ್ಯಾಚು ಮುಂದೆ ಹೋಯಿತು.

ನೋಟೀಸು ಅಂಟಿಸಿದ ದಿನ ಅವಳು ಮತ್ತೆ ಬಂದಳು. ಈ ಸಲ ಕೂರಲಿಲ್ಲ. "ಸರ್, ನಿಮ್ಮ ಹತ್ರ ಹೇಳಿದ್ದು ಅಲ್ಲಿಗೆ ಹೇಗೆ ಹೋಯ್ತು?" ಅಂತ ಕೇಳಿದಳು. ಸಿಟ್ಟಿನಿಂದ ಕೇಳಿದ್ದರೆ ಏನಾದರೂ ಸಮಜಾಯಿಷಿ ಕೊಡುತ್ತಿದ್ದೆನೋ ಏನೋ. ಅವಳು ನಿಜವಾಗಿಯೂ ಅರ್ಥವಾಗದೆ ಕೇಳಿದ್ದಳು. ನನಗೆ ಉತ್ತರ ಹೊಳೆಯಲಿಲ್ಲ.

ಆ ಕೋಣೆಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ ಎಂದರೆ ನೀವು ನಂಬಬೇಕು. ಡೈರಿ ತಿರುವಿದವರು ಒಳ್ಳೆಯ ಶಿಕ್ಷಕರು. ಯಾವ ನಿಯಮವನ್ನೂ ಅವರು ಮುರಿಯಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ. ನಿಯಮದ ಪ್ರಕಾರವೇ ನಡೆದರೂ ಕಷ್ಟ ಹೇಳಿಕೊಂಡವಳಿಗೇ ಪೆಟ್ಟು ಬಿತ್ತು. ಏನೂ ಹೇಳದೆ ಸುಮ್ನೆ ಇದ್ದಿದ್ದರೆ ಬಹುಶಃ ಪಾಸಾಗುತ್ತಿದ್ದಳು.

ಈಗ ನಿಮ್ಮ ಕಾಲೇಜಿನ ಗೋಡೆಯ ಮೇಲಿರುವ ಚಿತ್ರದ ಹತ್ತಿರ ಬನ್ನಿ. ಆಡಳಿತದ ಚಿತ್ರಪಟ ಎಲ್ಲ ಕಾಲೇಜಿನಲ್ಲೂ ಇರುತ್ತದೆ. ಮೇಲೆ ಆಡಳಿತ ಮಂಡಳಿಯ ಚೌಕ. ಅದರ ಕೆಳಗೆ ಡೀನ್. ಡೀನ್ ಕೆಳಗೆ ಒಂದು ಸಾಲು: ಪಠ್ಯಕ್ರಮ ಸಮಿತಿ, ಪರೀಕ್ಷಾ ವಿಭಾಗ, ಪ್ರಮೋಷನ್ ಕಮಿಟಿ, ವಿಭಾಗಗಳ ಮುಖ್ಯಸ್ಥರು. ಒಂದು ಮೂಲೆಯಲ್ಲಿ, ಸಾಮಾನ್ಯವಾಗಿ ಬಲಗಡೆ ಕೆಳಗೆ, "ವಿದ್ಯಾರ್ಥಿ ಕಲ್ಯಾಣ" ಅನ್ನುವ ಚಿಕ್ಕ ಚೌಕ. ಮಾನ್ಯತೆ ಪರಿಶೀಲಿಸಲು ಬರುವವರು ಆ ಚೌಕ ಇದೆಯೇ ಎಂದು ನೋಡುತ್ತಾರೆ. ಇರುತ್ತದೆ. ಅವರು ಟಿಕ್ ಹಾಕಿ ಹೋಗುತ್ತಾರೆ.

ನೀವು ಆ ಚೌಕವನ್ನು ನೋಡಬೇಡಿ. ಅದರಿಂದ ಹೊರಡುವ ಗೆರೆಯ ಮೇಲೆ ಬೆರಳಿಡಿ. ಆಪ್ತ ಸಮಾಲೋಚಕರು ಯಾರಿಗೆ ವರದಿ ಮಾಡುತ್ತಾರೆ? ವಿದ್ಯಾರ್ಥಿ ಕಲ್ಯಾಣ ಅಧಿಕಾರಿಗೆ. ಆ ಅಧಿಕಾರಿ ಯಾರು? ಯಾವುದೋ ವಿಭಾಗದ ಪ್ರೊಫೆಸರ್, ಹೆಚ್ಚುವರಿ ಹೊಣೆ. ಅವರು ಇನ್ನೆಲ್ಲಿ ಕೂರುತ್ತಾರೆ? ಪ್ರಮೋಷನ್ ಕಮಿಟಿಯಲ್ಲಿ. ಶಿಸ್ತು ಸಮಿತಿಯಲ್ಲಿ. ವೈವಾ, ಅಂದರೆ ಮೌಖಿಕ ಪರೀಕ್ಷೆಯ, ಮೇಜಿನ ಆ ಕಡೆ. ನಿಮ್ಮ ಬೆರಳು ಎರಡೇ ಹೆಜ್ಜೆಯಲ್ಲಿ ಸಹಾಯ ಮಾಡುವ ಕುರ್ಚಿಯಿಂದ ತೀರ್ಪು ಕೊಡುವ ಕುರ್ಚಿಗೆ ಬಂದು ನಿಲ್ಲುತ್ತದೆ. ಅಲ್ಲಿ ಕೂತವರು ಒಬ್ಬರೇ.

ಈ ಚಿತ್ರವನ್ನು ನಮಗಿಂತ ಚೆನ್ನಾಗಿ ಓದಿಕೊಂಡವರು ವಿದ್ಯಾರ್ಥಿಗಳು. ಅವರಿಗೆ ಅದನ್ನು ಯಾರೂ ಕಲಿಸಬೇಕಿಲ್ಲ. ಸೇರಿದ ಎರಡೇ ವಾರದಲ್ಲಿ ಸೀನಿಯರ್‌ಗಳು ಹೇಳಿಬಿಡುತ್ತಾರೆ: "ಅಲ್ಲಿ ಹೋಗಿ ಏನೂ ಬಾಯಿ ಬಿಡಬೇಡ."

2016ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ದೊಡ್ಡ ಲೆಕ್ಕ ಬಂತು. 40ಕ್ಕೂ ಹೆಚ್ಚು ದೇಶಗಳಲ್ಲಿ ವೈದ್ಯಕೀಯ ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ್ದರು. ಖಿನ್ನತೆ ಅಥವಾ ಅದರ ಲಕ್ಷಣ ಕಂಡದ್ದು 27.2 ಶೇಕಡಾ ವಿದ್ಯಾರ್ಥಿಗಳಲ್ಲಿ. ಸಾಯುವ ಯೋಚನೆ ಬಂದಿದೆ ಎಂದವರು 11.1 ಶೇಕಡಾ. ಈ ಎರಡು ಸಂಖ್ಯೆಗಳನ್ನು ಎಲ್ಲರೂ ಹೇಳುತ್ತಾರೆ, ಭಾಷಣಗಳಲ್ಲೂ ಬರುತ್ತವೆ. ಮೂರನೆಯ ಸಂಖ್ಯೆಯನ್ನು ಯಾಕೋ ಹೇಳುವುದಿಲ್ಲ. ಖಿನ್ನತೆ ಇದೆ ಎಂದು ತಪಾಸಣೆಯಲ್ಲಿ ಕಂಡವರ ಪೈಕಿ ಚಿಕಿತ್ಸೆ ಕೇಳಿ ಹೋದವರು 15.7 ಶೇಕಡಾ. ಅಂದರೆ ಆರು ಜನರಲ್ಲಿ ಒಬ್ಬರು. ಕಾಯಿಲೆಯ ಹೆಸರು ಗೊತ್ತು, ಔಷಧಿಯ ಹೆಸರು ಗೊತ್ತು, ಆಸ್ಪತ್ರೆ ಇರುವುದು ತಾವು ದಿನಾ ಓಡಾಡುವ ಕಟ್ಟಡದಲ್ಲೇ. ಆದರೂ ಆರರಲ್ಲಿ ಐದು ಜನ ಹೋಗುವುದಿಲ್ಲ.

ನಾವು ಇದಕ್ಕೆ ನಾಚಿಕೆ, ಅಂಜಿಕೆ, ತಿಳಿವಳಿಕೆ ಸಾಲದು ಅಂತೆಲ್ಲ ಕಾರಣ ಕೊಡುತ್ತೇವೆ. ಜಾಗೃತಿ ಸಪ್ತಾಹ ಮಾಡುತ್ತೇವೆ. ನಾಚಿಕೆ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಇದರಲ್ಲಿ ದೊಡ್ಡ ಪಾಲು ಲೆಕ್ಕಾಚಾರದ್ದು. ನಾಳೆ ನನಗೆ ಮಾರ್ಕು ಹಾಕುವವರ ಮುಂದೆ ಇವತ್ತು ಅಳಬೇಕಾ ಅನ್ನುವ ಲೆಕ್ಕ. ಬುದ್ಧಿ ಇರುವ ಯಾರೇ ಆದರೂ ಅದೇ ತೀರ್ಮಾನಕ್ಕೆ ಬರುತ್ತಾರೆ, ಅಲ್ವಾ?

ಇದಕ್ಕೆ ಪರಿಹಾರ ನಾನು ಕನಸಲ್ಲಿ ಕಂಡದ್ದೇನಲ್ಲ. ಅಮೆರಿಕ ದೇಶದಲ್ಲಿ ವೈದ್ಯಕೀಯ ಪದವಿಗೆ ಮಾನ್ಯತೆ ಕೊಡುವ ಸಂಸ್ಥೆ ಎಲ್‌ಸಿಎಂಇ, 1942ರಿಂದ ಇರುವಂಥದ್ದು. ಅದರ ನಿಯಮಗಳಲ್ಲಿ ಎರಡು ಸಾಲು ನನಗೆ ತುಂಬ ಇಷ್ಟ. ವಿದ್ಯಾರ್ಥಿಗೆ ಚಿಕಿತ್ಸೆ ಅಥವಾ ಮಾನಸಿಕ ಸಮಾಲೋಚನೆ ಕೊಟ್ಟವರು ಅದೇ ವಿದ್ಯಾರ್ಥಿಯ ಮೌಲ್ಯಮಾಪನದಲ್ಲಿ, ಮುಂದಿನ ಹಂತಕ್ಕೆ ಬಿಡುವ ತೀರ್ಮಾನದಲ್ಲಿ ಕೈ ಹಾಕುವಂತಿಲ್ಲ. ಇದು ಒಂದು. ಓದಿನ ಬಗ್ಗೆ ಸಲಹೆ ಬೇಕು ಅನ್ನುವ ವಿದ್ಯಾರ್ಥಿಗೆ, ತನ್ನ ಪಾಸು ಫೇಲು ತೀರ್ಮಾನಿಸದ ಯಾರಾದರೂ ಸಿಗುವ ಹಾಗಿರಬೇಕು. ಇದು ಇನ್ನೊಂದು. ಎರಡನೆಯದನ್ನು ಗಮನಿಸಿ. ಮನಸ್ಸಿನ ವಿಚಾರಕ್ಕೆ ಮಾತ್ರ ಅಲ್ಲ, "ಸರ್, ನನಗೆ ಅನಾಟಮಿ ತಲೆಗೆ ಹೋಗ್ತಿಲ್ಲ" ಅಂತ ಹೇಳಿಕೊಳ್ಳಲೂ ಭಯವಿಲ್ಲದ ಒಂದು ಜಾಗ ಬೇಕು ಅನ್ನುತ್ತದೆ ಅದು. ನಾನು ಆ ಹುಡುಗಿಗೆ ಕೊಡಲಾಗದೇ ಹೋದದ್ದು ಆ ಜಾಗವನ್ನೇ.

ವಿಶ್ವ ವೈದ್ಯಕೀಯ ಶಿಕ್ಷಣ ಒಕ್ಕೂಟ 2020ರಲ್ಲಿ ತನ್ನ ಮಾನದಂಡಗಳನ್ನು ಹೊಸದಾಗಿ ಬರೆಯಿತು. ಒಟ್ಟು ಎಂಟು ಭಾಗ. ವಿದ್ಯಾರ್ಥಿಗಳದ್ದು ನಾಲ್ಕನೆಯದು, ಆಡಳಿತದ್ದು ಕೊನೆಯದು. ಹೀಗೇ ಮಾಡಿ ಎಂದು ಅದು ಕಟ್ಟಪ್ಪಣೆ ಮಾಡುವುದಿಲ್ಲ. ನಿಮ್ಮಲ್ಲಿ ಇದು ಹೇಗೆ ನಡೆಯುತ್ತದೆ ಎಂದು ಕೇಳುತ್ತದೆ. ನನ್ನ ಅನುಭವ ಕೇಳಿದರೆ, ನಾಲ್ಕನೆಯ ಭಾಗಕ್ಕೆ ಒಬ್ಬರು ಉತ್ತರ ಬರೆಯುತ್ತಾರೆ, ಎಂಟನೆಯದಕ್ಕೆ ಇನ್ನೊಬ್ಬರು. ಇಬ್ಬರೂ ತಮ್ಮ ಪುಟಗಳನ್ನು ಪಕ್ಕ ಪಕ್ಕ ಇಟ್ಟು ನೋಡುವುದೇ ಇಲ್ಲ. ನೋಡಿದ್ದರೆ ಎರಡರಲ್ಲೂ ಅವೇ ಹೆಸರುಗಳು ಕಾಣುತ್ತಿದ್ದವು.

ಬೇರೆ ಮಾಡಿ ಅಂದರೆ ಬೇರೆ ಬೋರ್ಡು ಹಾಕಿ ಅಂತಲ್ಲ. ಒಂದು ಕಾಲೇಜಿನ ಸಮಾಲೋಚನಾ ಕೊಠಡಿ ನನಗೆ ಚೆನ್ನಾಗಿ ಗೊತ್ತು. ಬಾಗಿಲಿನ ಮೇಲೆ ಚಂದದ ಅಕ್ಷರದಲ್ಲಿ ಬರೆಸಿದ್ದಾರೆ. ಒಳಗೆ ತಿಳಿನೀಲಿ ಬಣ್ಣ, ಮೆತ್ತನೆಯ ಸೋಫಾ. ಕೊಠಡಿ ಇರುವುದು ಡೀನ್ ಕಚೇರಿಯ ಎದುರಿಗೆ. ಹೊರಗೆ ಕಾಯುವ ಬೆಂಚಿನಲ್ಲಿ ಕೂತವರು ಆ ದಾರಿಯಲ್ಲಿ ಹೋಗುವ ಪ್ರತಿ ಎಚ್‌ಓಡಿಗೂ (ವಿಭಾಗದ ಮುಖ್ಯಸ್ಥರಿಗೂ) ಎದ್ದು ನಿಂತು ನಮಸ್ಕಾರ ಮಾಡಬೇಕು. ತೆರೆದಿರುವ ಸಮಯ ಹತ್ತರಿಂದ ನಾಲ್ಕು. ಆ ಹೊತ್ತಿಗೆ ವಿದ್ಯಾರ್ಥಿಗಳೆಲ್ಲ ಕ್ಲಾಸಿನಲ್ಲೋ ವಾರ್ಡಿನಲ್ಲೋ ಇರುತ್ತಾರೆ. ಬರಬೇಕಾದರೆ ಅನುಮತಿ ಚೀಟಿ ಬೇಕು. ಚೀಟಿಯಲ್ಲಿ "ಕಾರಣ" ಅಂತ ಒಂದು ಸಾಲು, ಕೆಳಗೆ ವಿಭಾಗದ ಮುಖ್ಯಸ್ಥರ ಸಹಿ. ಬಾಗಿಲ ಹತ್ತಿರ ಒಂದು ರಿಜಿಸ್ಟರ್: ಹೆಸರು, ರೋಲ್ ನಂಬರ್, ಬಂದ ಸಮಯ, ಹೋದ ಸಮಯ. ವರ್ಷದ ಕೊನೆಗೆ ಆ ರಿಜಿಸ್ಟರ್ ನೋಡಿ "ನಮ್ಮ ಮಕ್ಕಳಿಗೆ ಅಂಥ ತೊಂದರೆ ಏನಿಲ್ಲ, ನೋಡಿ, ಬಂದವರು ಒಂಬತ್ತೇ ಜನ" ಅಂದರು.

ಆ ಒಂಬತ್ತು ಜನರ ಧೈರ್ಯಕ್ಕೆ ನಾನು ಕೈಮುಗಿದೆ.

ಬೇರೆ ಮಾಡುವುದು ಅಂದರೆ ಚೀಟಿಯಲ್ಲಿ ಕಾರಣದ ಸಾಲನ್ನು ಹೊಡೆದು ಹಾಕುವುದು. "ವೈಯಕ್ತಿಕ ಅಪಾಯಿಂಟ್‌ಮೆಂಟ್" ಅಂತ ಇದ್ದರೆ ಸಾಕು. ಹಲ್ಲು ತೋರಿಸಲು ಹೋದರೂ ಅದೇ ಚೀಟಿ, ಮನಸ್ಸು ತೋರಿಸಲು ಹೋದರೂ ಅದೇ ಚೀಟಿ. ಸಮಾಲೋಚಕರ ದಾಖಲೆ ಅವರ ಬೀಗದಲ್ಲೇ ಇರಬೇಕು, ವಿದ್ಯಾರ್ಥಿಯ ಫೈಲಿಗೆ ಅದು ಎಂದೂ ಸೇರಬಾರದು. ಅವರ ಸಂಬಳ, ಅವರ ನೇಮಕ, ಅವರನ್ನು ತೆಗೆಯುವ ಅಧಿಕಾರ ಪರೀಕ್ಷೆ ನಡೆಸುವವರ ಕೈಯಲ್ಲಿ ಇರಬಾರದು. ಇಲ್ಲಿ ನಿಮ್ಮ ಕೆಲಸ ಬರುತ್ತದೆ. ಡೀನ್‌ಗೂ ಮೇಲಿರುವವರು ನೀವೊಬ್ಬರೇ. ಆ ಚಿಕ್ಕ ಚೌಕದಿಂದ ಒಂದು ಗೆರೆ ನೇರವಾಗಿ ನಿಮ್ಮ ಚೌಕಕ್ಕೆ ಬರಲಿ. ವರ್ಷಕ್ಕೆ ಎರಡು ಸಲ ಸಮಾಲೋಚಕರು ನಿಮ್ಮ ಮುಂದೆ ಕೂತು, ಯಾರ ಹೆಸರನ್ನೂ ಎತ್ತದೆ, ಎಷ್ಟು ಜನ ಬಂದರು, ಯಾವ ತಿಂಗಳು ಜಾಸ್ತಿ ಬಂದರು, ಎಷ್ಟು ದಿನ ಕಾಯಬೇಕಾಯಿತು ಎಂದು ಹೇಳಲಿ. ಅರ್ಧ ಗಂಟೆ ಸಾಕು.

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಬರುತ್ತದೆ. ನಾಳೆ ರೋಗಿಯ ಮೈ ಮುಟ್ಟುವವರು ಇವರು, ಎಲ್ಲವನ್ನೂ ಗುಟ್ಟಾಗಿ ಇಟ್ಟರೆ ರೋಗಿಯ ಗತಿ ಏನು? ಅದಕ್ಕೂ ದಾರಿ ಇದೆ. ಜೀವಕ್ಕೆ ಅಪಾಯ ಅನ್ನಿಸಿದಾಗ ಗುಟ್ಟು ಮುರಿಯಲೇಬೇಕು. ಯಾವಾಗ ಮುರಿಯುತ್ತೇವೆ, ಯಾರಿಗೆ ಹೇಳುತ್ತೇವೆ ಅನ್ನುವುದನ್ನು ಮೊದಲ ಭೇಟಿಯ ಮೊದಲ ಐದು ನಿಮಿಷದಲ್ಲೇ ಹೇಳಬೇಕು. ಇನ್ನು ವೃತ್ತಿಗೆ ತಕ್ಕವರೋ ಅಲ್ಲವೋ ಅನ್ನುವ ವಿಚಾರಣೆ ಬೇರೆಯೇ ಇರಲಿ. ಅದು ವಿದ್ಯಾರ್ಥಿ ಏನು ಮಾಡಿದ ಅನ್ನುವುದನ್ನು ನೋಡಬೇಕು, ಯಾವ ಮಾತ್ರೆ ತಗೊಳ್ಳುತ್ತಾನೆ ಅನ್ನುವುದನ್ನಲ್ಲ. ನಿದ್ದೆ ಇಲ್ಲ ಎಂದು ಬಂದು ಹೇಳಿದವನಿಗಿಂತ, ನಿದ್ದೆ ಇಲ್ಲದೆ, ಯಾರಿಗೂ ಹೇಳದೆ ವಾರ್ಡಿಗೆ ಹೋದವನಿಂದ ರೋಗಿಗೆ ಅಪಾಯ ಜಾಸ್ತಿ.

ಮೊದಲ ವರ್ಷದ ಮಾತಾಯಿತು. ಆಸ್ಪತ್ರೆಯ ವರ್ಷಗಳು ಶುರುವಾದ ಮೇಲೆ ಚಿತ್ರ ಇನ್ನೂ ಗೋಜಲು. ಅಲ್ಲಿ ವಿದ್ಯಾರ್ಥಿ ಕಾಲೇಜಿನವನೂ ಹೌದು, ಆಸ್ಪತ್ರೆಯವನೂ ಹೌದು. ಹಾಗಾಗಿ ಕಷ್ಟ ಬಂದಾಗ ಇಬ್ಬರವನೂ ಅಲ್ಲ.

ಒಂದು ರಾತ್ರಿಯನ್ನು ಊಹಿಸಿಕೊಳ್ಳಿ. ಎರಡು ಗಂಟೆ. ವಾರ್ಡಿನಲ್ಲಿ ರಕ್ತ ತೆಗೆಯುವಾಗ ವಿದ್ಯಾರ್ಥಿಯ ಬೆರಳಿಗೆ ಸೂಜಿ ಚುಚ್ಚಿತು. ಗ್ಲೌಸಿನೊಳಗೆ ಚಿಕ್ಕ ಕೆಂಪು ಚುಕ್ಕೆ. ಎಚ್‌ಐವಿ ತಗುಲದಂತೆ ತಡೆಯುವ ಔಷಧಿಯನ್ನು ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, 72 ಗಂಟೆ ದಾಟಬಾರದು, 28 ದಿನ ತೆಗೆದುಕೊಳ್ಳಬೇಕು. ಇದನ್ನು ಆ ವಿದ್ಯಾರ್ಥಿ ಪರೀಕ್ಷೆಯಲ್ಲಿ ಬರೆದು ಮಾರ್ಕು ತಗೊಂಡಿದ್ದಾನೆ. ಅವನಿಗೆ ಗೊತ್ತಿಲ್ಲದ್ದು ಒಂದೇ: ಈಗ ಫೋನ್ ಮಾಡಬೇಕಾದ್ದು ಯಾರಿಗೆ? ಆಸ್ಪತ್ರೆಯ ಸಿಬ್ಬಂದಿ ವಿಭಾಗಕ್ಕೆ ಮಾಡಿದರೆ "ನೀನು ಸಿಬ್ಬಂದಿ ಅಲ್ಲ, ಕಾಲೇಜಿಗೆ ಹೇಳು" ಅನ್ನುತ್ತಾರೆ. ಕಾಲೇಜು ಬೆಳಗ್ಗೆ ಒಂಬತ್ತಕ್ಕೆ ತೆರೆಯುತ್ತದೆ. ಡ್ಯೂಟಿಯಲ್ಲಿರುವ ಸೀನಿಯರ್‌ಗೆ ಹೇಳಿದರೆ ಅಜಾಗರೂಕ ಅಂತ ಬೈಯಿಸಿಕೊಳ್ಳಬೇಕು. ಔಷಧಿಯ ಖರ್ಚು ಯಾರದ್ದು? ನಾಳೆ ವಾಂತಿ, ಸುಸ್ತು ಬಂದು ಪೋಸ್ಟಿಂಗ್ (ವಾರ್ಡಿನ ಸರದಿ ಕೆಲಸ) ತಪ್ಪಿದರೆ ಅಟೆಂಡೆನ್ಸ್ ಯಾರು ನೋಡಿಕೊಳ್ಳುತ್ತಾರೆ? ಇಷ್ಟೆಲ್ಲ ಯೋಚಿಸಿ ಅವನು ಬೆರಳನ್ನು ಸೋಪು ನೀರಿನಲ್ಲಿ ತೊಳೆದು ಬ್ಯಾಂಡೇಜು ಸುತ್ತಿ ಕೆಲಸ ಮುಂದುವರಿಸುತ್ತಾನೆ.

ನಿಮ್ಮ ಕಾಲೇಜಿನ ಆಡಳಿತ ಹೇಗಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ನಾಳೆಯೇ ಒಬ್ಬ ವಿದ್ಯಾರ್ಥಿಯನ್ನು ತಡೆದು ನಿಲ್ಲಿಸಿ ಕೇಳಿ: ರಾತ್ರಿ ಎರಡಕ್ಕೆ ಸೂಜಿ ಚುಚ್ಚಿದರೆ ಯಾರಿಗೆ ಫೋನ್ ಮಾಡ್ತೀಯ? ಯೋಚನೆ ಮಾಡದೆ ಒಂದು ನಂಬರ್ ಹೇಳಿದರೆ ನಿಮ್ಮ ಸಮಿತಿಗಳು ಕೆಲಸ ಮಾಡುತ್ತಿವೆ. ತಲೆ ಕೆರೆದುಕೊಂಡರೆ, ಕಾಲೇಜು ಮತ್ತು ಆಸ್ಪತ್ರೆಯ ನಡುವಿನ ಒಪ್ಪಂದದಲ್ಲಿ ಆ ಒಂದು ಪ್ಯಾರಾ ಇನ್ನೂ ಬರೆದಾಗಿಲ್ಲ ಅಂತ. ಅದನ್ನು ಬರೆಸಬೇಕಾದವರು ನೀವು. ಎಚ್‌ಓಡಿ ಕೈಯಲ್ಲಿ ಅದು ಆಗುವುದಿಲ್ಲ.

ಸೂಜಿಯ ಗಾಯವಾದರೂ ಕಣ್ಣಿಗೆ ಕಾಣುತ್ತದೆ. ಮಾತಿನ ಗಾಯ? ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘ ಪ್ರತಿವರ್ಷ ಪದವಿ ಮುಗಿಸಿ ಹೊರಡುವವರಿಗೆ ಒಂದು ಪ್ರಶ್ನಾವಳಿ ಕೊಡುತ್ತದೆ. ಕಾಲೇಜಿನಲ್ಲಿ ಅವಮಾನ, ತಾರತಮ್ಯ, ಕಿರುಕುಳದಂಥ ಏನಾದರೂ ಒಂದನ್ನು ಅನುಭವಿಸಿದ್ದೇವೆ ಎಂದು ನೂರಕ್ಕೆ ಸುಮಾರು 40 ಜನ ವರ್ಷ ವರ್ಷವೂ ಹೇಳುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ದೂರು ಕೊಟ್ಟಿರುವುದಿಲ್ಲ. ಯಾಕೆ ಅಂದರೆ, ಅಷ್ಟು ದೊಡ್ಡ ವಿಷಯ ಅನ್ನಿಸಲಿಲ್ಲ, ಹೇಳಿದರೂ ಏನೂ ಆಗಲ್ಲ, ಸೇಡು ತೀರಿಸಿಕೊಳ್ತಾರೆ ಅನ್ನುವ ಭಯ. ಪ್ರಶ್ನೆ ಕೇಳಿ, ಬಂದ ಉತ್ತರವನ್ನು ಮುಚ್ಚಿಡದೆ ಪ್ರಕಟಿಸುವ ಧೈರ್ಯವಾದರೂ ಅಲ್ಲಿ ಇದೆ. ನಮ್ಮಲ್ಲಿ ಎಷ್ಟೋ ಕಾಲೇಜುಗಳು ಕೇಳುವುದೇ ಇಲ್ಲ. ದೂರಿನ ಪೆಟ್ಟಿಗೆ ಇಡುತ್ತೇವೆ. ಪೆಟ್ಟಿಗೆಯ ಕೀಲಿ ಯಾರ ಹತ್ತಿರ ಇದೆ ಅಂತ ವಿದ್ಯಾರ್ಥಿಗಳು ನೋಡಿಕೊಂಡಿರುತ್ತಾರೆ.

ಇನ್ನು ವಿದ್ಯಾರ್ಥಿ ಪ್ರತಿನಿಧಿಗಳ ವಿಚಾರ. ಹಿಂದೆ ಇಟಲಿಯ ಬೊಲೋನ್ಯಾ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರುಗಳನ್ನು ನೇಮಿಸುತ್ತಿದ್ದವರೇ ವಿದ್ಯಾರ್ಥಿಗಳು. ತಡವಾಗಿ ಬಂದರೆ ಮೇಷ್ಟ್ರಿಗೆ ದಂಡ. ರಜೆ ಬೇಕಾದರೆ ವಿದ್ಯಾರ್ಥಿಗಳ ಸಂಘದ ಅಪ್ಪಣೆ ಬೇಕು. ಅಲ್ಲಿ ದರ್ಬಾರು ಮಾಡಿದ್ದು ಮುಖ್ಯವಾಗಿ ಕಾನೂನು ವಿದ್ಯಾರ್ಥಿಗಳು, ವೈದ್ಯಕೀಯದವರ ಸಂಘ ಆಮೇಲೆ ಬಂತು ಅನ್ನಿ. ಆ ಕಾಲ ಮತ್ತೆ ಬರಲಿ ಅಂತ ನಾನೇನೂ ಹಾರೈಸುವುದಿಲ್ಲ. ನನಗೂ ಬೆಳಗಿನ ಕ್ಲಾಸಿಗೆ ಆಗಾಗ ತಡವಾಗುತ್ತದೆ. ಆದರೆ ಅಲ್ಲಿಂದ ಎಷ್ಟು ದೂರ ಬಂದಿದ್ದೇವೆ ನೋಡಿ. ಇವತ್ತು ವಿದ್ಯಾರ್ಥಿ ಪ್ರತಿನಿಧಿಯನ್ನು ನಾವು ಕರೆಯುವುದು ವಾರ್ಷಿಕೋತ್ಸವಕ್ಕೆ ಕುರ್ಚಿ ಹಾಕಿಸಲು. ಪಠ್ಯಕ್ರಮ ಸಮಿತಿಗೆ ಕರೆದರೂ ಕೊನೆಯ ಹತ್ತು ನಿಮಿಷಕ್ಕೆ, "ನಿಮ್ಮದೇನಾದ್ರೂ ಇದೆಯಾ?" ಅಂತ ಕೇಳಲು. ಆ ಪ್ರತಿನಿಧಿಯನ್ನೂ ಆರಿಸುವವರು ನಾವೇ. ಸಾಮಾನ್ಯವಾಗಿ ಕ್ಲಾಸಿಗೇ ಮೊದಲು ಬಂದವನನ್ನು. ಮುಳುಗುತ್ತಿರುವವರ ಕಷ್ಟ ಅವನಿಗೆ ಹೇಗೆ ಗೊತ್ತಾಗಬೇಕು?

ಒಂದು ಸಲ ನಮ್ಮ ಎರಡು ವಿಭಾಗಗಳು ಒಂದೇ ದಿನ ಇಂಟರ್ನಲ್ ಟೆಸ್ಟ್ ಇಟ್ಟವು. ಅದರ ಹಿಂದಿನ ರಾತ್ರಿ ಅರ್ಧ ಬ್ಯಾಚಿಗೆ ಪೋಸ್ಟಿಂಗ್. ಎರಡೂ ವಿಭಾಗಗಳ ವೇಳಾಪಟ್ಟಿ ಸರಿಯಾಗಿಯೇ ಇತ್ತು, ಬೇರೆ ಬೇರೆಯಾಗಿ ನೋಡಿದರೆ. ಮೂರನ್ನೂ ಒಟ್ಟಿಗೆ ನೋಡುವವರು ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮಾತ್ರ. ವೇಳಾಪಟ್ಟಿ ತೀರ್ಮಾನಿಸುವಾಗ ಒಬ್ಬ ವಿದ್ಯಾರ್ಥಿ ಇದ್ದಿದ್ದರೆ ಎರಡು ನಿಮಿಷದಲ್ಲಿ ಹೇಳಿರುತ್ತಿದ್ದ. ಟೆಸ್ಟಿನ ಫಲಿತಾಂಶ ಬಂದ ಮೇಲೆ ನಾವೇನು ಮಾಡಿದೆವು ಗೊತ್ತಾ? ಒತ್ತಡ ನಿವಾರಣೆ ಕಾರ್ಯಾಗಾರ ಇಟ್ಟೆವು. ಭಾನುವಾರ ಬೆಳಗ್ಗೆ. ಹಾಜರಿ ಕಡ್ಡಾಯ. ಬರದವರಿಗೆ ಅಟೆಂಡೆನ್ಸ್ ಕಟ್.

ನಗು ಬಂದರೆ ನಕ್ಕುಬಿಡಿ. ಆದರೆ ಇದರಲ್ಲಿ ಇರುವ ವಿಷಯ ಗಂಭೀರ. ಬೆಂಬಲ ಅಂದರೆ ನಾವು ಯಾವಾಗಲೂ ಪಾಠದ ಆಚೆಗೆ ಸೇರಿಸುವ ಇನ್ನೊಂದು ಕಾರ್ಯಕ್ರಮ ಅಂದುಕೊಂಡಿದ್ದೇವೆ. ವೇಳಾಪಟ್ಟಿಯೇ ಎಲ್ಲಕ್ಕಿಂತ ದೊಡ್ಡ ಬೆಂಬಲ. ಅಮೆರಿಕದ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನವರು ಇದನ್ನು ಮಾಡಿ ತೋರಿಸಿದರು. ಮೊದಲ ಎರಡು ವರ್ಷ ಅಂಕ, ಶ್ರೇಣಿ ಬಿಟ್ಟು ಬರೀ ಪಾಸು ಅಥವಾ ಫೇಲು ಅಂತ ಮಾಡಿದರು. ಕ್ಲಾಸಿನ ಸಮಯವನ್ನು ನೂರಕ್ಕೆ ಹತ್ತರಷ್ಟು ಕಡಿಮೆ ಮಾಡಿದರು. ವಿದ್ಯಾರ್ಥಿಗಳನ್ನೂ ಶಿಕ್ಷಕರನ್ನೂ ಸಣ್ಣ ಸಣ್ಣ ಗುಂಪು ಮಾಡಿ ವರ್ಷಗಟ್ಟಲೆ ಒಟ್ಟಿಗೆ ಇರುವ ಹಾಗೆ ಮಾಡಿದರು. ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವ ಒಂದು ಚಿಕ್ಕ ಕೋರ್ಸೂ ಇತ್ತು. 2014ರಲ್ಲಿ ಪ್ರಕಟವಾದ ಅವರ ಫಲಿತಾಂಶದಲ್ಲಿ ಖಿನ್ನತೆ, ಆತಂಕ, ಒತ್ತಡ ಮೂರೂ ಹಿಂದಿನ ಬ್ಯಾಚುಗಳಿಗಿಂತ ಕಡಿಮೆ. ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಅಂಕವೇನೂ ಕುಸಿಯಲಿಲ್ಲ. ಆ ಪಟ್ಟಿಯಲ್ಲಿ ಒಂದು ಕೋರ್ಸು ಬಿಟ್ಟರೆ ಉಳಿದದ್ದೆಲ್ಲ ಪಠ್ಯಕ್ರಮ ಸಮಿತಿ ಮೇಜಿನ ಮೇಲೆ ತೀರ್ಮಾನ ಆಗುವಂಥದ್ದು. ಸಮಾಲೋಚಕರು ಎಷ್ಟೇ ಒಳ್ಳೆಯವರಿರಲಿ, ಕ್ಲಾಸಿನ ಒಂದು ಗಂಟೆಯನ್ನೂ ಅವರು ಕಡಿಮೆ ಮಾಡಲಾರರು. ಹಾಗಾಗಿ ಆ ಮೇಜಿನ ಸುತ್ತ ಕನಿಷ್ಠ ಇಬ್ಬರು ವಿದ್ಯಾರ್ಥಿಗಳು ಮತ ಹಾಕುವ ಹಕ್ಕಿನೊಂದಿಗೆ, ಮೊದಲ ನಿಮಿಷದಿಂದ ಕೂರಲಿ. ಅವರನ್ನು ಅವರ ಕ್ಲಾಸಿನವರೇ ಆರಿಸಲಿ.

ಹಿಂದೆ ಉಳಿಸಿದ ತೀರ್ಮಾನದ ವಿರುದ್ಧ ವಿದ್ಯಾರ್ಥಿ ಹಾಕುವ ಮೇಲ್ಮನವಿ ಬಗ್ಗೆ ಒಂದೇ ಮಾತು. ತೀರ್ಪು ಕೊಟ್ಟವರೇ ಮೇಲ್ಮನವಿ ಕೇಳುವ ಕಡೆ ಅದು ಮೇಲ್ಮನವಿ ಅಲ್ಲ, ಅದೇ ಸಭೆಯ ಎರಡನೇ ದಿನ ಅಷ್ಟೆ.

ಹಣದ ಮಾತನ್ನೂ ಪೂರ್ತಿ ಬಿಡುವ ಹಾಗಿಲ್ಲ. 1910ರಲ್ಲಿ ಶಿಕ್ಷಣತಜ್ಞ ಅಬ್ರಹಾಂ ಫ್ಲೆಕ್ಸ್‌ನರ್ ಅಮೆರಿಕ, ಕೆನಡಾಗಳ 155 ವೈದ್ಯಕೀಯ ಶಾಲೆಗಳನ್ನು ನೋಡಿ ವರದಿ ಬರೆದರು. ಎಷ್ಟೋ ಶಾಲೆಗಳಲ್ಲಿ ಕಲಿಸುವವರೇ ಮಾಲೀಕರು. ಬಂದ ಫೀಸನ್ನು ಹಂಚಿಕೊಳ್ಳುತ್ತಿದ್ದರು. ಪ್ರಯೋಗಾಲಯ ಖಾಲಿ. ಪಾಠ ಹಾಳಾಗಲು ಕಾರಣ ಮೇಷ್ಟ್ರ ಸೋಮಾರಿತನಕ್ಕಿಂತ ಹೆಚ್ಚಾಗಿ ಆ ವ್ಯವಸ್ಥೆಯೇ ಆಗಿತ್ತು. ವರದಿಯ ನಂತರ ಅಂಥವು ಒಂದೊಂದಾಗಿ ಮುಚ್ಚಿದವು. ಅದೇ ಏಟಿಗೆ ಕಪ್ಪು ಜನಾಂಗದವರಿಗಾಗಿ ಇದ್ದ ಏಳು ಶಾಲೆಗಳಲ್ಲಿ ಐದೂ ಮುಚ್ಚಿದವು ಅನ್ನುವುದನ್ನು ಮರೆಯಬಾರದು. ಇನ್ನೊಂದು ಕಡೆ, ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆ 1893ರಲ್ಲಿ ತೆರೆಯಿತು. ಶುರುವಿಗೆ ಹಣ ಸಾಲದಾಗಿತ್ತು. ಹಣ ಒಟ್ಟು ಮಾಡಿ ಕೊಟ್ಟವರು ಮೇರಿ ಎಲಿಜಬೆತ್ ಗ್ಯಾರೆಟ್ ಮತ್ತು ಅವರ ಗೆಳತಿಯರು. ಗಂಡಸರಿಗೆ ಇರುವ ಷರತ್ತಿನ ಮೇಲೆಯೇ ಹೆಂಗಸರನ್ನೂ ಸೇರಿಸಿಕೊಳ್ಳಬೇಕು ಅಂತ ಪಟ್ಟು ಹಿಡಿದರು. ಮೊದಲ ತರಗತಿಯ 18 ಜನರಲ್ಲಿ ಮೂವರು ಹೆಂಗಸರು. ಖಜಾನೆಯ ಕೀಲಿ ಹಿಡಿದವರು ಮನಸ್ಸು ಮಾಡಿದರೆ ಯಾವ ವಿಭಾಗದ ಮುಖ್ಯಸ್ಥರಿಗೂ ಆಗದ್ದು ಆಗುತ್ತದೆ. ಕೀಲಿ ಈಗ ನಿಮ್ಮ ಹತ್ತಿರ ಇದೆ. ಫೀಸು ಬಾಕಿ ಇರುವವರ ಪಟ್ಟಿಯನ್ನು ಪರೀಕ್ಷೆಯ ಹಿಂದಿನ ದಿನ ಗೋಡೆಗೆ ಅಂಟಿಸುವುದನ್ನಾದರೂ ನಿಲ್ಲಿಸಿ.

ಚಿಕ್ಕ ಕಾಲೇಜು, ಇಷ್ಟೆಲ್ಲ ಮಾಡಲು ಜನ ಎಲ್ಲಿ, ದುಡ್ಡು ಎಲ್ಲಿ ಅಂತ ನೀವು ಕೇಳಬಹುದು. ದುಡ್ಡು ಬೇಕಾದದ್ದು ಕೆಲವಕ್ಕೆ ಮಾತ್ರ. ಮೊದಲ ವರ್ಷದವರಿಗೆ ಆ ವರ್ಷ ಪಾಠ ಮಾಡದ ವಿಭಾಗದವರನ್ನು ಮೆಂಟರ್ ಮಾಡಲು ಖರ್ಚಿಲ್ಲ. ನಾನು ಕಣ್ಣಿನ ವಿಭಾಗಕ್ಕೆ ಬಂದ ವಿದ್ಯಾರ್ಥಿಗಳನ್ನು ನೋಡಿಕೊಳ್ಳುತ್ತೇನೆ, ಕಣ್ಣಿನ ಡಾಕ್ಟರು ನನ್ನ ಫಿಸಿಯಾಲಜಿ ಮಕ್ಕಳನ್ನು ನೋಡಿಕೊಳ್ಳಲಿ. ತನ್ನ ಮೆಂಟಿಯ (ತಾನು ನೋಡಿಕೊಳ್ಳುವ ವಿದ್ಯಾರ್ಥಿಯ) ಫೈಲು ಬಂದಾಗ ಮೆಂಟರ್ ಎದ್ದು ಹೊರಗೆ ಹೋಗಬೇಕು ಎಂಬ ನಿಯಮಕ್ಕೆ ಒಂದು ಹಾಳೆ ಸಾಕು. ಬೀರುವಿಗೆ ಬೀಗ ತೀರಾ ದುಬಾರಿಯಲ್ಲ. ಪೂರ್ಣಾವಧಿ ಸಮಾಲೋಚಕರು ಕಷ್ಟ ಅಂದರೆ ಎರಡು ಮೂರು ಕಾಲೇಜುಗಳು ಸೇರಿ ಒಬ್ಬರನ್ನು ಇಟ್ಟುಕೊಳ್ಳಬಹುದು. ಅದು ಇನ್ನೂ ಒಳ್ಳೆಯದೇ, ಅವರು ಯಾವ ಡೀನ್‌ನ ಕೈಕೆಳಗೂ ಪೂರ್ತಿ ಇರುವುದಿಲ್ಲ.

ಪದವಿ ಪ್ರದಾನದ ದಿನ ಮಕ್ಕಳನ್ನು ನಿಲ್ಲಿಸಿ ಪ್ರಮಾಣ ಮಾಡಿಸುತ್ತೀರಲ್ಲ, ಬಹಳ ಕಡೆ ಅದಕ್ಕೆ ಆಧಾರ 1948ರ ಜಿನೀವಾ ಘೋಷಣೆ. ವಿಶ್ವ ವೈದ್ಯಕೀಯ ಸಂಘ 2017ರಲ್ಲಿ ಅದಕ್ಕೆ ಹೊಸ ಸಾಲು ಸೇರಿಸಿತು. ಉತ್ತಮ ಚಿಕಿತ್ಸೆ ಕೊಡುವುದಕ್ಕಾಗಿ ನನ್ನ ಸ್ವಂತ ಆರೋಗ್ಯವನ್ನೂ ನೋಡಿಕೊಳ್ಳುತ್ತೇನೆ ಎಂಬ ಅರ್ಥದ್ದು. ವೇದಿಕೆಯ ಮೇಲೆ ಕೂತು ನೀವು ಅದನ್ನು ಕೇಳಿಸಿಕೊಳ್ಳುತ್ತೀರಿ. ಆ ಸಾಲನ್ನು ಕಾಲೇಜಿನಲ್ಲಿ ಇರುವಾಗಲೇ ಪಾಲಿಸಲು ಹೋದ ಹುಡುಗಿಯ ಕಥೆಯನ್ನು ನಾನು ಮೇಲೆ ಹೇಳಿದೆ.

ಅವಳು ಆಮೇಲೆ ಪಾಸಾದಳು. ಈಗ ಎಲ್ಲೋ ಡಾಕ್ಟರ್ ಆಗಿದ್ದಾಳೆ. ನನ್ನ ಕೋಣೆಗೆ ಮಾತ್ರ ಮತ್ತೆ ಬರಲಿಲ್ಲ. ಕಾರಿಡಾರಿನಲ್ಲಿ ಎದುರಾದರೆ ಮರ್ಯಾದೆಯಿಂದ ನಮಸ್ಕಾರ ಮಾಡುತ್ತಿದ್ದಳು.

ಈ ವರ್ಷ ನನಗೆ ಹನ್ನೊಂದು ಮೆಂಟಿಗಳಿದ್ದಾರೆ. ಡೈರಿಯಲ್ಲಿ ಬಂದ ತಾರೀಖು ಬಿಟ್ಟು ಬೇರೇನೂ ಬರೆಯುತ್ತಿಲ್ಲ. ಅದಕ್ಕೆ "ಅಪೂರ್ಣ" ಅಂತ ಕೆಂಪು ಶಾಯಿಯಲ್ಲಿ ಒಂದು ಟಿಪ್ಪಣಿ ಬಂದಿದೆ. ಮುಂದಿನ ತಿಂಗಳು ಪ್ರಮೋಷನ್ ಕಮಿಟಿ ಸಭೆ. ಈ ಹನ್ನೊಂದು ಫೈಲುಗಳು ಬಂದಾಗ ನನ್ನನ್ನು ಹೊರಗೆ ಬಿಡಿ ಎಂದು ಬರೆದುಕೊಟ್ಟ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ.

ಇಂತಿ,
ಒಬ್ಬ ಫಿಸಿಯಾಲಜಿ ಮೇಷ್ಟ್ರು